ಕೌನ್ಸೆಲಿಂಗ್ ಕೇಂದ್ರದ ಬಿಲ್ಲು: ಎಷ್ಟು ಹೇಳಬೇಕು, ಎಷ್ಟು ಹೇಳಬಾರದು

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಒಬ್ಬ ತಾಯಿ ಬಂದರು. ಕೈಯಲ್ಲಿ ನೀಲಿ ಪ್ಲಾಸ್ಟಿಕ್ ಫೈಲು. ಅವರ ಮಗಳು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು, ಆಮೇಲೆ ವಾರಕ್ಕೊಮ್ಮೆ ನಮ್ಮಲ್ಲಿಗೆ ಬರುತ್ತಿದ್ದಳು. ಆಸ್ಪತ್ರೆ ಖರ್ಚನ್ನು ಇನ್ಶೂರೆನ್ಸ್ ಕಂಪನಿ ಕೊಟ್ಟಿತ್ತು. ನಮಗೆ ಕಟ್ಟಿದ ₹9,600 ಮಾತ್ರ ವಾಪಸ್ ಬಂದಿರಲಿಲ್ಲ. ಆ ತಾಯಿ ನಮ್ಮದೇ ರಸೀದಿಯನ್ನು ಟೇಬಲ್ ಮೇಲಿಟ್ಟು, "ಇದ್ರಲ್ಲಿ ಏನ್ ಕಮ್ಮಿ ಇದೆ ನೋಡಿ ಹೇಳಿ ಮೇಡಂ" ಅಂದರು.

ನೋಡಿದೆ. ನನ್ನದೇ ಕೈಬರಹ. "ಕೌನ್ಸೆಲಿಂಗ್, 8 ಸಿಟಿಂಗ್, 9,600." ಅಷ್ಟೇ. ಯಾವ ಯಾವ ದಿನ ಅಂತ ಇಲ್ಲ. ಯಾರು ನೋಡಿದರು ಅಂತ ಇಲ್ಲ. ಯಾವ ಡಾಕ್ಟರು ಕಳಿಸಿದ್ದು ಅಂತ ಇಲ್ಲ. ಕೆಳಗೆ ಒಂದು ಗೀಚಿದ ಸಹಿ, ಕೇಂದ್ರದ ರಬ್ಬರ್ ಸ್ಟಾಂಪು. ಅಂಗಡಿಯಲ್ಲಿ ಎಂಟು ತೆಂಗಿನಕಾಯಿ ಕೊಂಡರೂ ಇದಕ್ಕಿಂತ ಜಾಸ್ತಿ ವಿವರ ಇರುತ್ತದೆ.

ಆವತ್ತಿನಿಂದ ನಾನು ಬಿಲ್ಲು ಬರೆಯುವ ರೀತಿಯನ್ನೇ ಬದಲಿಸಿದೆ. ಸಣ್ಣ ಕೌನ್ಸೆಲಿಂಗ್ ಕೇಂದ್ರ ನಡೆಸುವವರಿಗೆ, ಅಲ್ಲಿ ಮುಂದಿನ ಟೇಬಲ್ಲಿನಲ್ಲಿ ಕೂತು ಲೆಕ್ಕ ನೋಡುವವರಿಗೆ ನಾನು ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಮೂಳೆ ಡಾಕ್ಟರ ಬಿಲ್ಲಿಗೂ ನಮ್ಮ ಬಿಲ್ಲಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಕಾಲು ಮುರಿದದ್ದು ನಾಲ್ಕು ಜನರಿಗೆ ಗೊತ್ತಾದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ನಮ್ಮಲ್ಲಿಗೆ ಬಂದದ್ದು ಗೊತ್ತಾದರೆ ಕೆಲವರ ಕೆಲಸಕ್ಕೆ, ಮದುವೆ ಮಾತುಕತೆಗೆ ಕುತ್ತು ಬರಬಹುದು. ದುಡ್ಡು ಬರುವಷ್ಟು ವಿವರ ಬಿಲ್ಲಿನಲ್ಲಿ ಇರಬೇಕು. ಅದಕ್ಕಿಂತ ಒಂದು ಅಕ್ಷರ ಜಾಸ್ತಿ ಇರಬಾರದು. ಈ ಕೆಲಸದ ಕಷ್ಟ ಇರುವುದೇ ಇಲ್ಲಿ.

ಹೆಜ್ಜೆ 1: ಮೊದಲ ಫೋನಿನಲ್ಲೇ ಕೇಳಿ, ದುಡ್ಡು ಯಾರು ಕೊಡ್ತಾರೆ?

ಬರುವವರಲ್ಲಿ ಮೂರು ಬಗೆ. ಕೈಯಿಂದ ಕೊಡುವವರು, ಇನ್ಶೂರೆನ್ಸ್ ನಂಬಿಕೊಂಡು ಬರುವವರು, ಕಂಪನಿ ಕಳಿಸಿದವರು. ಮೂವರಿಗೂ ಕಾಗದ ಬೇರೆ ಬೇರೆ. ಇದನ್ನು ಐದನೇ ಸೆಷನ್ ಆದಮೇಲೆ ಕೇಳಿದರೆ ಪ್ರಯೋಜನ ಇಲ್ಲ.

ಜಾಸ್ತಿ ಗೊಂದಲ ಇರುವುದು ಇನ್ಶೂರೆನ್ಸ್ ವಿಷಯದಲ್ಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ 29ರಿಂದ ಜಾರಿಗೆ ಬಂತು. ದೇಹದ ಕಾಯಿಲೆಗೆ ಯಾವ ರೀತಿ ವಿಮೆ ಕೊಡುತ್ತೀರೋ ಅದೇ ರೀತಿ ಮಾನಸಿಕ ಕಾಯಿಲೆಗೂ ಕೊಡಬೇಕು ಅಂತ ಅದರ ಸೆಕ್ಷನ್ 21(4) ಹೇಳುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2018ರ ಆಗಸ್ಟ್‌ನಲ್ಲಿ ಎಲ್ಲ ಕಂಪನಿಗಳಿಗೂ ಇದನ್ನು ಪಾಲಿಸಿ ಅಂತ ಸುತ್ತೋಲೆ ಕಳಿಸಿತು. ಆದರೂ ಎಲ್ಲರೂ ಪಾಲಿಸಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಮತ್ತೆ ಬರೆದು, ಆ ತಿಂಗಳ 31ರೊಳಗೆ ಎಲ್ಲ ಪಾಲಿಸಿಗಳಲ್ಲೂ ಸೇರಿಸಿ ಅಂತ ಗಡುವು ಕೊಟ್ಟಿತು.

ಇದನ್ನು ಪೇಪರಿನಲ್ಲಿ ಓದಿದವರು ಕೌನ್ಸೆಲಿಂಗ್ ಫೀಸೂ ವಾಪಸ್ ಬರುತ್ತದೆ ಅಂತ ಅಂದುಕೊಂಡು ಬರುತ್ತಾರೆ. ಅಲ್ಲಿ "ಅದೇ ರೀತಿ" ಅನ್ನುವ ಮಾತನ್ನು ಗಮನಿಸಿ. ಜ್ವರ ಬಂದು ಡಾಕ್ಟರ ಹತ್ತಿರ ಹೋಗಿ ಚೀಟಿ ಬರೆಸಿಕೊಂಡು ಬಂದರೆ ಸಾಮಾನ್ಯ ಪಾಲಿಸಿ ದುಡ್ಡು ಕೊಡುತ್ತದಾ? ಇಲ್ಲ. ಆಸ್ಪತ್ರೆಯಲ್ಲಿ 24 ಗಂಟೆಯಾದರೂ ಇರಬೇಕು. ಮನಸ್ಸಿನ ಚಿಕಿತ್ಸೆಗೂ ಅದೇ ಲೆಕ್ಕ. ನಡೆದುಕೊಂಡು ಬಂದು, ಒಂದು ಗಂಟೆ ಮಾತಾಡಿ, ನಡೆದುಕೊಂಡು ಹೋಗುವ ಸೆಷನ್ನು ಹೊರರೋಗಿ ಚಿಕಿತ್ಸೆ, ಅಂದರೆ ಓಪಿಡಿ.

ಹಾಗಾದರೆ ಸೆಷನ್ ದುಡ್ಡು ಬರುವ ದಾರಿ ಇಲ್ಲವೇ ಇಲ್ಲವಾ? ಮೂರು ಇವೆ. ಆಸ್ಪತ್ರೆಯಲ್ಲಿ ಇರುವಾಗಲೇ ನಡೆದ ಸೆಷನ್ ಆದರೆ ಅದು ಆಸ್ಪತ್ರೆ ಬಿಲ್ಲಿನಲ್ಲೇ ಸೇರುತ್ತದೆ. ಎರಡನೆಯದು, ಆಸ್ಪತ್ರೆಗೆ ಸೇರುವ ಮುಂಚಿನ ಮತ್ತು ಬಿಡುಗಡೆ ಆದ ನಂತರದ ಇಷ್ಟು ದಿನಗಳ ಖರ್ಚು ಅಂತ ಪಾಲಿಸಿಯಲ್ಲಿ ಇರುತ್ತದೆ. ಬಹಳಷ್ಟು ಪಾಲಿಸಿಗಳಲ್ಲಿ ಅದು ಮುಂಚೆ 30 ದಿನ, ನಂತರ 60 ದಿನ. ನಮ್ಮಂಥ ಕೇಂದ್ರಗಳಿಗೆ ಬಹಳ ಉಪಯೋಗಕ್ಕೆ ಬರುವ ದಾರಿ ಇದು. ಆದರೆ ಜನರಿಗೆ ಗೊತ್ತಿರುವುದಿಲ್ಲ. ಮೂರನೆಯದು, ಪಾಲಿಸಿಯಲ್ಲಿ ಓಪಿಡಿ ಕವರ್ ಅಂತ ಬೇರೆಯಾಗಿ ಇದ್ದರೆ. ಅದರಲ್ಲೂ ಕೆಲವು ಪಾಲಿಸಿಗಳು ಮನೋವೈದ್ಯರ ಫೀಸನ್ನು ಮಾತ್ರ ಕೊಡುತ್ತವೆ, ಕೆಲವು ಮನಶ್ಶಾಸ್ತ್ರಜ್ಞರ ಫೀಸನ್ನೂ ಕೊಡುತ್ತವೆ. ಪಾಲಿಸಿ ಪುಸ್ತಕ ತೆಗೆಸಿ ಓದಬೇಕು, ಬೇರೆ ದಾರಿ ಇಲ್ಲ.

ಫೋನಿನಲ್ಲಿ ನಾನು ಹೇಳುವ ಮಾತು ಹೀಗಿರುತ್ತದೆ: "ಸೆಷನ್ ಫೀಸನ್ನ ಆವತ್ತೇ ನಮಗೆ ಕಟ್ಟಬೇಕು ಸರ್. ಇನ್ಶೂರೆನ್ಸ್‌ಗೆ ಬೇಕಾದ ಕಾಗದ ಎಲ್ಲ ಸರಿಯಾಗಿ ಕೊಡ್ತೀವಿ. ಕೊಡೋದು ಬಿಡೋದು ಅವರ ತೀರ್ಮಾನ. ಇತ್ತೀಚೆಗೆ ಆಸ್ಪತ್ರೆಗೆ ಸೇರಿದ್ರಾ? ಹಾಗಿದ್ರೆ ಡಿಸ್ಚಾರ್ಜ್ ಸಮ್ಮರಿ ತಗೊಂಡು ಬನ್ನಿ." ಇಷ್ಟು ಹೇಳಲು ಅರ್ಧ ನಿಮಿಷ ಸಾಕು. "ಬಂದೇ ಬರುತ್ತೆ" ಅಂತ ಮಾತ್ರ ಯಾವತ್ತೂ ಹೇಳಬೇಡಿ. ಆ ಮಾತು ನಂಬಿ ಸಾಲ ಮಾಡಿ ಬರುವವರಿದ್ದಾರೆ.

ಹೆಜ್ಜೆ 2: ಯಾರ ಸಹಿ ನಡೆಯುತ್ತದೆ ಅಂತ ತಿಳಿದುಕೊಳ್ಳಿ

ಪಾಲಿಸಿಯ ಮೊದಲ ಪುಟಗಳಲ್ಲಿ ಪದಗಳ ಅರ್ಥ ಕೊಟ್ಟಿರುತ್ತಾರೆ. ಯಾರೂ ಓದದ ಭಾಗ ಅದು. ಕ್ಲೇಮು ತಿರಸ್ಕಾರ ಆಗುವುದು ಅಲ್ಲೇ. ವೈದ್ಯರು ಅಂದರೆ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಆದವರು ಅಂತ ಅಲ್ಲಿ ಬರೆದಿರುತ್ತದೆ. ಮನೋವೈದ್ಯರು ಅದರೊಳಗೆ ಬರುತ್ತಾರೆ. ಕೌನ್ಸೆಲರ್ ಬರುವುದಿಲ್ಲ, ಎಷ್ಟೇ ಓದಿರಲಿ, ಎಷ್ಟೇ ವರ್ಷದ ಅನುಭವ ಇರಲಿ.

ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಸ್ವಲ್ಪ ಗಟ್ಟಿ ನೆಲ ಇದೆ. 2017ರ ಕಾಯ್ದೆ ಅವರನ್ನು ಹೆಸರಿಟ್ಟು ಗುರುತಿಸುತ್ತದೆ. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐಯ, ನೋಂದಣಿ ಇರುತ್ತದೆ. ಆ ನಂಬರನ್ನು ಸಿಆರ್‌ಆರ್ ನಂಬರ್ ಅನ್ನುತ್ತಾರೆ. ಅದು ಬಿಲ್ಲಿನ ಮೇಲೆ ಇರಲೇಬೇಕು. ನೋಂದಣಿಯ ಅವಧಿ ಮುಗಿದಿದ್ದರೆ ಮೊದಲು ನವೀಕರಿಸಿ. ಎಂ.ಎ., ಎಂ.ಎಸ್ಸಿ. ಸೈಕಾಲಜಿ ಮಾಡಿ ಕೌನ್ಸೆಲಿಂಗ್ ಮಾಡುವವರನ್ನು, ಮನೋಸಾಮಾಜಿಕ ಕಾರ್ಯಕರ್ತರನ್ನು 2021ರ ಅಲೈಡ್ ಆರೋಗ್ಯ ವೃತ್ತಿಗಳ ಕಾಯ್ದೆ ಪಟ್ಟಿಗೆ ಸೇರಿಸಿದೆ. ಆದರೆ ಕ್ಲೇಮು ನೋಡುವವರ ಕಣ್ಣಿಗೆ ಈಗಲೂ ಮೊದಲು ಬೀಳುವುದು ಮನೋವೈದ್ಯರ ಚೀಟಿಯೇ.

ಹಾಗಾಗಿ ಕ್ಲೇಮಿಗೆ ಹೋಗುವ ಪ್ರತಿ ಫೈಲಿನಲ್ಲೂ ಮನೋವೈದ್ಯರ ಬರಹ ಒಂದು ಇರಲಿ. "ವಾರಕ್ಕೊಮ್ಮೆಯಂತೆ ಎಂಟು ಸೆಷನ್ ಸೈಕೋಥೆರಪಿ" ಅಂತ ಡಿಸ್ಚಾರ್ಜ್ ಸಮ್ಮರಿಯಲ್ಲೋ ಚೀಟಿಯಲ್ಲೋ ಬರೆದಿರಬೇಕು. ಅದರ ತಾರೀಕು ನಮ್ಮ ಮೊದಲ ಸೆಷನ್ನಿಗಿಂತ ಮುಂಚಿನದಾಗಿರಬೇಕು. ಆಮೇಲೆ ಬರೆಸಿಕೊಂಡು ಹಳೇ ತಾರೀಕು ಹಾಕಿಸುವ ಕೆಲಸಕ್ಕೆ ಹೋಗಲೇಬೇಡಿ. ಅದು ಸುಳ್ಳು ದಾಖಲೆ. ಸಿಕ್ಕಿಬಿದ್ದರೆ ಆ ಒಂದು ಕ್ಲೇಮು ಮಾತ್ರ ಅಲ್ಲ, ಆ ಕುಟುಂಬದ ಪಾಲಿಸಿಯೇ ಹೋಗಬಹುದು.

ನಾವು ಹತ್ತಿರದ ಇಬ್ಬರು ಮನೋವೈದ್ಯರಿಗೆ ಈ ವಿಷಯ ತಿಳಿಸಿದ್ದೇವೆ. ಅವರು ಕಳಿಸುವಾಗಲೇ ಎಷ್ಟು ಸೆಷನ್, ಯಾವ ಬಗೆಯ ಥೆರಪಿ ಅಂತ ಬರೆದು ಕಳಿಸುತ್ತಾರೆ. ಒಂದು ಸಾಲು ಜಾಸ್ತಿ ಬರೆಯುವುದು ಅವರಿಗೆ ಭಾರ ಆಗಲಿಲ್ಲ. ಕೇಳಬೇಕಿತ್ತು, ಅಷ್ಟೇ.

ಹೆಜ್ಜೆ 3: ಬಿಲ್ಲನ್ನು ಒಂದೊಂದು ಸೆಷನ್ನಿಗೆ ಒಂದೊಂದು ಸಾಲಿನಂತೆ ಬರೆಯಿರಿ

ಈಗ ಆ ತಾಯಿಯ ಫೈಲಿಗೆ ವಾಪಸ್ ಬರೋಣ. ನಮ್ಮ ಅಪಾಯಿಂಟ್‌ಮೆಂಟ್ ಪುಸ್ತಕ ತೆಗೆದು, ಪ್ರತಿ ದಿನವನ್ನೂ ನೋಡಿ ಹೊಸ ಬಿಲ್ಲು ಮಾಡಿದೆವು. ಅದು ಸುಮಾರು ಹೀಗಿತ್ತು.

ಮೇಲ್ಗಡೆ ಕೇಂದ್ರದ ಹೆಸರು, ವಿಳಾಸ, ಪ್ಯಾನ್ ನಂಬರ್, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಇದ್ದರೆ ಆ ನಂಬರ್. ಬಿಲ್ ನಂಬರ್ ಮತ್ತು ತಾರೀಕು. "ಪರಿಷ್ಕೃತ ಬಿಲ್ಲು, ಹಿಂದಿನ ರಸೀದಿ ನಂಬರ್ ಇಷ್ಟರ ಬದಲಿಗೆ" ಅಂತ ಸ್ಪಷ್ಟವಾಗಿ ಒಂದು ಸಾಲು. ಇದು ಇಲ್ಲದಿದ್ದರೆ ಒಂದೇ ಖರ್ಚಿಗೆ ಎರಡು ಬಿಲ್ಲು ಮಾಡಿದ ಹಾಗೆ ಕಾಣುತ್ತದೆ. ಆಮೇಲೆ ರೋಗಿಯ ಹೆಸರು, ಆಧಾರ್‌ನಲ್ಲಿ ಮತ್ತು ಪಾಲಿಸಿಯಲ್ಲಿ ಇರುವ ಹಾಗೇ. ಮನೆಯಲ್ಲಿ ಕರೆಯುವ ಹೆಸರು ಬೇಡ. ಇನಿಷಿಯಲ್ ಹಿಂದೆ ಮುಂದೆ ಆದರೂ ಪ್ರಶ್ನೆ ಬರುತ್ತದೆ. ನಮ್ಮ ಕಡೆ ಇನಿಷಿಯಲ್ಲಿನದೇ ಒಂದು ದೊಡ್ಡ ತಲೆನೋವು ಅಲ್ವಾ.

ಅದರ ಕೆಳಗೆ: ಕಳಿಸಿದ ಮನೋವೈದ್ಯರ ಹೆಸರು ಮತ್ತು ನೋಂದಣಿ ನಂಬರ್. ಚಿಕಿತ್ಸೆ ಕೊಟ್ಟವರ ಹೆಸರು, ಓದು, ಸಿಆರ್‌ಆರ್ ನಂಬರ್.

ಆಮೇಲೆ ಪಟ್ಟಿ. ಪ್ರತಿ ಸಾಲಿನಲ್ಲೂ ತಾರೀಕು, "ವೈಯಕ್ತಿಕ ಸೈಕೋಥೆರಪಿ, 50 ನಿಮಿಷ, ನೇರ ಭೇಟಿ", ದರ ₹1,200. ಆನ್‌ಲೈನ್ ಆಗಿದ್ದರೆ ಆನ್‌ಲೈನ್ ಅಂತಲೇ ಬರೆಯಬೇಕು. ಕೊನೆಯಲ್ಲಿ ಮೊತ್ತ, ಅಂಕಿಯಲ್ಲೂ ಅಕ್ಷರದಲ್ಲೂ. ದುಡ್ಡು ಬಂದ ಬಗೆ: ಯುಪಿಐ ಆದರೆ ವಹಿವಾಟಿನ ನಂಬರ್, ನಗದು ಆದರೆ ನಗದು. ಒಂದೇ ರಸೀದಿಯಲ್ಲಿ ₹5,000ಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ ₹1ರ ರೆವಿನ್ಯೂ ಸ್ಟಾಂಪು ಅಂಟಿಸಿ, ಅದರ ಮೇಲೆ ಸಹಿ ಹಾಯುವಂತೆ ಹಾಕಿ. ಸಣ್ಣ ವಿಷಯ, ಆದರೆ ಇದೊಂದಕ್ಕೆ ಕಾಗದ ವಾಪಸ್ ಬಂದದ್ದನ್ನು ನೋಡಿದ್ದೇನೆ.

"ಕೌನ್ಸೆಲಿಂಗ್" ಅಂತ ಬರೆಯುವುದೋ "ಸೈಕೋಥೆರಪಿ" ಅಂತಲೋ? ನಡೆದದ್ದನ್ನು ಬರೆಯಿರಿ. ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರು ಮನೋವೈದ್ಯರ ಸಲಹೆಯಂತೆ ಖಿನ್ನತೆಗೆ ಥೆರಪಿ ಕೊಟ್ಟಿದ್ದರೆ ಅದು ಸೈಕೋಥೆರಪಿ. ಪಿಯುಸಿ ಮುಗಿಸಿದ ಹುಡುಗನಿಗೆ ಮುಂದೆ ಏನು ಓದಬೇಕು ಅಂತ ದಾರಿ ತೋರಿಸಿದ್ದರೆ ಅದು ಮಾರ್ಗದರ್ಶನ. ಗಂಡ ಹೆಂಡತಿ ಕೂತು ಮಾತಾಡಿದ್ದರೆ ಅದು ದಂಪತಿ ಸಮಾಲೋಚನೆ. ಕೊನೆಯ ಎರಡಕ್ಕೂ ಇನ್ಶೂರೆನ್ಸ್ ಸಿಗುವುದು ಕಷ್ಟ, ಯಾಕೆಂದರೆ ಅಲ್ಲಿ ಕಾಯಿಲೆ ಅಂತ ಯಾರೂ ಗುರುತಿಸಿಲ್ಲ. ಹೆಸರು ಬದಲಿಸಿ ಬರೆದು ಉಪಕಾರ ಮಾಡಲು ಹೋಗಬೇಡಿ. ಇವತ್ತು ಸುಮ್ನೆ ಬರೆದ "ಖಿನ್ನತೆ" ಅನ್ನುವ ಪದ ಆ ವ್ಯಕ್ತಿ ನಾಳೆ ಹೊಸ ಪಾಲಿಸಿ ಮಾಡಿಸುವಾಗ ಮೊದಲೇ ಇದ್ದ ಕಾಯಿಲೆಯಾಗಿ ಎದುರು ನಿಲ್ಲುತ್ತದೆ. ಅಂಥ ಕಾಯಿಲೆಗೆ ಮೂರು ವರ್ಷದವರೆಗೆ ಕಾಯುವ ಅವಧಿ ಹಾಕುವ ಅವಕಾಶ ಕಂಪನಿಗಳಿಗೆ ಇದೆ.

ಕಾಯಿಲೆಯ ಕೋಡ್ ಬಗ್ಗೆಯೂ ಒಂದು ಮಾತು. ಆಸ್ಪತ್ರೆ ಕಾಗದಗಳಲ್ಲಿ ಎಫ್32, ಎಫ್41.1 ಅಂತ ಕಾಣುತ್ತೀರಿ. ಇವು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯವು. ಮೊದಲನೆಯದು ಖಿನ್ನತೆಗೆ, ಎರಡನೆಯದು ಸದಾ ಕಾಡುವ ಆತಂಕಕ್ಕೆ. ಕ್ಲೇಮಿಗೆ ಕೋಡ್ ಬೇಕೇ ಬೇಕು ಅಂದರೆ ಮನೋವೈದ್ಯರು ಬರೆದ ಕೋಡನ್ನೇ, ಅವರ ಹೆಸರಿನ ಜೊತೆಯಲ್ಲೇ ನಕಲು ಮಾಡಿ. ಮುಂದಿನ ಟೇಬಲ್ಲಿನವರು ಗೂಗಲ್ ನೋಡಿ ಕೋಡ್ ಹಾಕಬಾರದು.

ಹೆಜ್ಜೆ 4: ಏನನ್ನು ಬರೆಯಬಾರದು

ಒಮ್ಮೆ ಒಬ್ಬ ಹುಡುಗ, ಬೆಂಗಳೂರಿನಲ್ಲಿ ಕೆಲಸ, ಬಿಲ್ಲು ತೆಗೆದುಕೊಳ್ಳುವಾಗ ತಲೆ ತಗ್ಗಿಸಿ ಕೇಳಿದ: "ಇದ್ರಲ್ಲಿ ಜನರಲ್ ಕನ್ಸಲ್ಟೇಶನ್ ಅಂತ ಹಾಕಿಕೊಡ್ತೀರಾ? ನಮ್ಮ ಎಚ್‌ಆರ್ ಎಲ್ಲಾ ಬಿಲ್ ನೋಡ್ತಾರೆ." ಅವನ ಭಯ ನಿಜವಾದದ್ದು. ಆದರೆ ಸುಳ್ಳು ಬರೆಯಲಾಗುವುದಿಲ್ಲ. ಅವನ ಪಕ್ಕದಲ್ಲೇ ಕೂತು ಕಂಪನಿಯ ಗುಂಪು ವಿಮೆಯ ಕೈಪಿಡಿಯನ್ನು ಮೊಬೈಲಿನಲ್ಲಿ ತೆಗೆಸಿದೆ. ಓಪಿಡಿ ಬಿಲ್ಲನ್ನು ಟಿಪಿಎಯ, ಅಂದರೆ ಇನ್ಶೂರೆನ್ಸ್ ಕಂಪನಿಯ ಪರವಾಗಿ ಕ್ಲೇಮು ನೋಡುವ ಸಂಸ್ಥೆಯ, ಆ್ಯಪಿನಲ್ಲಿ ನೇರವಾಗಿ ಹಾಕಬಹುದು ಅಂತ ಅದರಲ್ಲೇ ಇತ್ತು. ಎಚ್‌ಆರ್ ಕೈಗೆ ಕೊಡುವ ಅಗತ್ಯವೇ ಇರಲಿಲ್ಲ. ಅವನು ಅಲ್ಲೇ ಕೂತು ಫೋಟೋ ತೆಗೆದು ಹಾಕಿದ. ಹೋಗುವಾಗ ಅವನ ಮುಖ ಹಗುರವಾಗಿತ್ತು.

ಈಗ ನಾವು ಎರಡು ಬಗೆಯ ಕಾಗದ ಕೊಡುತ್ತೇವೆ. ಕೈಯಿಂದ ಕೊಟ್ಟವರಿಗೆ ರಸೀದಿ ಮಾತ್ರ. ಅದರಲ್ಲಿ ಹೆಸರು, ತಾರೀಕು, ಸೆಷನ್, ಮೊತ್ತ. ಕಾಯಿಲೆಯ ಹೆಸರಿಲ್ಲ, ಕೋಡ್ ಇಲ್ಲ, ಕಳಿಸಿದವರ ಹೆಸರೂ ಇಲ್ಲ. ಕ್ಲೇಮು ಹಾಕುವವರಿಗೆ, ಅವರು ಬಾಯಿಬಿಟ್ಟು ಕೇಳಿ ಸಹಿ ಹಾಕಿದ ಮೇಲೆ, ಮೇಲೆ ಹೇಳಿದ ಪೂರ್ತಿ ಬಿಲ್ಲು. ವಾಟ್ಸ್ಆ್ಯಪಿನಲ್ಲಿ ಬಿಲ್ಲು ಕಳಿಸುವ ಮುಂಚೆ ಯಾವ ನಂಬರಿಗೆ ಅಂತ ಕೇಳುತ್ತೇವೆ. ಮನೆಯಲ್ಲಿ ಇಬ್ಬರು ಮೂವರು ಸೇರಿ ಬಳಸುವ ಫೋನುಗಳಿರುತ್ತವೆ. ಯುಪಿಐ ಬರಹದಲ್ಲಿ ಕೇಂದ್ರದ ಹೆಸರು ಹೇಗೆ ಕಾಣುತ್ತದೆ ಅನ್ನುವುದನ್ನೂ ನೋಡಿಕೊಳ್ಳಿ. ಅಪ್ಪನ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅದು ಬರುತ್ತದೆ ಅಂತ ಬೆಳೆದ ಮಕ್ಕಳಿಗೆ ಮೊದಲೇ ಹೇಳಬೇಕು.

ಕೆಲವು ಸಲ ಟಿಪಿಎ ಕಡೆಯಿಂದ ಪತ್ರ ಬರುತ್ತದೆ: "ಎಲ್ಲಾ ಸೆಷನ್ನಿನ ನೋಟ್ಸ್ ಕಳಿಸಿ." ಕೈ ನಡುಗಿ ಕಳಿಸಿಬಿಡಬೇಡಿ. ಕಾಯ್ದೆಯ ಸೆಕ್ಷನ್ 23 ರೋಗಿಗೆ ಗೌಪ್ಯತೆಯ ಹಕ್ಕು ಕೊಡುತ್ತದೆ. ಯಾರಿಗೆ, ಯಾವಾಗ ಹೇಳಬಹುದು ಅಂತ ಅಲ್ಲೇ ಪಟ್ಟಿ ಇದೆ: ರೋಗಿ ಆರಿಸಿಕೊಂಡ ಪ್ರತಿನಿಧಿಗೆ, ಚಿಕಿತ್ಸೆ ಕೊಡುವ ಬೇರೆ ವೃತ್ತಿಪರರಿಗೆ, ಜೀವಕ್ಕೆ ಅಪಾಯ ಇದ್ದಾಗ, ಕೋರ್ಟಿನ ಆದೇಶ ಇದ್ದಾಗ, ಹೀಗೆ. ಇನ್ಶೂರೆನ್ಸ್ ಕಂಪನಿಯ ಹೆಸರು ಆ ಪಟ್ಟಿಯಲ್ಲಿ ಇಲ್ಲ. ರೋಗಿ ಒಪ್ಪಿದರೆ ಮಾತ್ರ ಕಳಿಸಬಹುದು, ಎಷ್ಟಕ್ಕೆ ಒಪ್ಪಿದರೋ ಅಷ್ಟನ್ನು ಮಾತ್ರ.

ನಾವು ಕಳಿಸುವುದು ಒಂದೇ ಪುಟದ ಚಿಕಿತ್ಸಾ ಸಾರಾಂಶ. ಯಾರು ಕಳಿಸಿದರು, ಯಾವತ್ತಿನಿಂದ ಯಾವತ್ತಿನವರೆಗೆ, ಎಷ್ಟು ಸೆಷನ್, ಯಾವ ಬಗೆಯ ಥೆರಪಿ, ಸುಧಾರಣೆ ಹೇಗಿದೆ ಅಂತ ಎರಡು ಸಾಲು. ಅತ್ತೆ ಏನು ಅಂದರು, ಚಿಕ್ಕಂದಿನಲ್ಲಿ ಏನು ನಡೆಯಿತು, ಇದ್ಯಾವುದೂ ಅದರಲ್ಲಿ ಇರುವುದಿಲ್ಲ. ಕಳಿಸುವ ಮುಂಚೆ ರೋಗಿಗೇ ಓದಲು ಕೊಡುತ್ತೇವೆ. ಒಬ್ಬರು ಓದಿ, "ಕೆಲಸದ ಒತ್ತಡ ಅನ್ನೋ ಪದ ತೆಗೀರಿ, ಆಫೀಸಿಗೆ ಹೋಗುತ್ತೆ ಇದು" ಅಂದರು. ತೆಗೆದೆವು. ಕ್ಲೇಮಿಗೆ ಅದು ಬೇಕಾಗಿಯೂ ಇರಲಿಲ್ಲ. ಇಷ್ಟಕ್ಕೆ ಸಾಕಾಗದೆ ಮತ್ತೆ ನೋಟ್ಸೇ ಬೇಕು ಅಂತ ಪಟ್ಟು ಹಿಡಿದರೆ, ಯಾಕೆ ಬೇಕು, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಬೇಕು ಅಂತ ಲಿಖಿತವಾಗಿ ಕೇಳಿ.

ಹೆಜ್ಜೆ 5: ಕ್ಲೇಮು ತಿರಸ್ಕಾರ ಆದರೆ

ಮೊದಲು ಕಾರಣ ಓದಿ. "ಕಾಗದ ಸಾಲದು" ಅಂತಿದ್ದರೆ ಅದು ನಮ್ಮ ಕೆಲಸ, ಆವತ್ತೇ ಸರಿಮಾಡಿ ಕೊಡಿ. "ಓಪಿಡಿ, ಪಾಲಿಸಿಯಲ್ಲಿ ಇಲ್ಲ" ಅಂತಿದ್ದು ಅದು ನಿಜವೇ ಆಗಿದ್ದರೆ ರೋಗಿಗೆ ನೇರವಾಗಿ ಹೇಳಿ, ಸುಮ್ಮನೆ ಓಡಾಡಿಸಬೇಡಿ. "ಮಾನಸಿಕ ಕಾಯಿಲೆಗೆ ಕೊಡುವುದಿಲ್ಲ" ಅಂತ ಇದ್ದರೆ ಮಾತ್ರ ಬಿಡಬೇಡಿ. ಅದು ಕಾಯ್ದೆಗೆ ವಿರುದ್ಧ. 2021ರಲ್ಲಿ ದೆಹಲಿ ಹೈಕೋರ್ಟ್ ಇಂಥದ್ದೇ ಒಂದು ಪ್ರಕರಣದಲ್ಲಿ, ಕಾಯ್ದೆ ಜಾರಿಗೆ ಬಂದ ದಿನದಿಂದಲೇ ಕಂಪನಿಗಳು ಅದರಂತೆ ನಡೆಯಬೇಕಿತ್ತು ಅಂತ ಹೇಳಿ, ರೋಗಿಯ ಪರವಾಗಿ ತೀರ್ಪು ಕೊಟ್ಟಿದೆ.

ದೂರು ಕೊಡಬೇಕಾದವರು ಪಾಲಿಸಿದಾರರು, ನಾವಲ್ಲ. ಆದರೆ ದಾರಿ ಹೇಳಬಹುದು. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇ-ಮೇಲ್, ಪಾಲಿಸಿ ನಂಬರ್ ಮತ್ತು ಕ್ಲೇಮ್ ನಂಬರ್ ಹಾಕಿ. ಜೊತೆಗೆ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್ಲಿನಲ್ಲಿ ದಾಖಲಿಸಬಹುದು, 155255ಕ್ಕೆ ಫೋನೂ ಮಾಡಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ, ಇಂಥ ದೂರುಗಳನ್ನು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ದುಡ್ಡು ಕಟ್ಟಬೇಕಿಲ್ಲ, ವಕೀಲರು ಬೇಕಿಲ್ಲ, ಒಂದು ವರ್ಷದೊಳಗೆ ಹೋಗಬೇಕು. ₹50 ಲಕ್ಷದವರೆಗಿನ ವಿಷಯ ಅಲ್ಲಿ ನಡೆಯುತ್ತದೆ. ಖಿನ್ನತೆಯಿಂದ ಈಗಷ್ಟೇ ಎದ್ದು ಕೂತವರಿಗೆ ಇಷ್ಟೆಲ್ಲ ಮಾಡುವ ಶಕ್ತಿ ಇರುವುದಿಲ್ಲ. ಹಾಗಾಗಿ ಮನೆಯವರಲ್ಲಿ ಒಬ್ಬರನ್ನು ಕೂರಿಸಿಕೊಂಡು, ಮೊದಲ ಇ-ಮೇಲ್ ನಮ್ಮ ಟೇಬಲ್ಲಿನಿಂದಲೇ ಅವರ ಕೈಯಲ್ಲಿ ಹಾಕಿಸುತ್ತೇನೆ. ಒಮ್ಮೆ ಶುರುವಾದರೆ ಮುಂದಿನದನ್ನು ಅವರೇ ಮಾಡುತ್ತಾರೆ.

ಹೆಜ್ಜೆ 6: ಕಂಪನಿಗಳಿಂದ ಬರಬೇಕಾದ ದುಡ್ಡು

ನೌಕರರಿಗೆ ಕೌನ್ಸೆಲಿಂಗ್ ಕೊಡಿಸುವ ಕಂಪನಿಗಳು ಬೆಂಗಳೂರಿನಲ್ಲಿ ಬಹಳ. ನಡುವೆ ಒಂದು ಏಜೆನ್ಸಿ ಇರುತ್ತದೆ. ಸೆಷನ್ನಿಗೆ ಇಷ್ಟು ಅಂತ ಕೊಡುತ್ತಾರೆ. ಕೆಲಸ ಚೆನ್ನಾಗಿ ಬರುತ್ತದೆ, ದುಡ್ಡು ಮಾತ್ರ ತಡ. ಒಂದು ಏಜೆನ್ಸಿ ನಮಗೆ ಐದು ತಿಂಗಳು ಸತಾಯಿಸಿತು. ಕೇಳಿದಾಗೆಲ್ಲ "ಮುಂದಿನ ಸೈಕಲ್ಲಲ್ಲಿ ಆಗುತ್ತೆ" ಅನ್ನುತ್ತಿದ್ದರು.

ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಮದ್ದು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು. ಸರ್ಕಾರದ ಪೋರ್ಟಲ್ಲಿನಲ್ಲಿ ಆಧಾರ್, ಪ್ಯಾನ್ ಕೊಟ್ಟು ಪುಕ್ಕಟೆ ಮಾಡಿಕೊಳ್ಳಬಹುದು. ದುಡ್ಡು ಕೇಳುವ ವೆಬ್‌ಸೈಟುಗಳಿಗೆ ಹೋಗಬೇಡಿ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣವರಿಂದ ಸೇವೆ ಪಡೆದವರು ಒಪ್ಪಂದದಲ್ಲಿ ಬರೆದ ದಿನದೊಳಗೆ ಕೊಡಬೇಕು. ಏನೇ ಬರೆದುಕೊಂಡಿದ್ದರೂ 45 ದಿನ ಮೀರುವ ಹಾಗಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ನಮ್ಮ ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಹಾಕಿ, "45 ದಿನದೊಳಗೆ ಪಾವತಿಸಿ" ಅಂತ ಒಂದು ಸಾಲು ಸೇರಿಸಿದೆವು. ಆಮೇಲೆ ಬಂದ ಬಿಲ್ಲುಗಳು ಯಾವುವೂ ಅಷ್ಟು ತಡವಾಗಲಿಲ್ಲ. ಕಂಪನಿಯ ಲೆಕ್ಕದವರಿಗೂ ಅವಸರ ಇರುತ್ತದೆ. ಗಡುವು ಮೀರಿದ ಬಾಕಿಯನ್ನು ಅವರು ದುಡ್ಡು ಕೊಡುವವರೆಗೆ ತೆರಿಗೆಯಲ್ಲಿ ಖರ್ಚು ಅಂತ ತೋರಿಸಲಾಗುವುದಿಲ್ಲ.

ಕಂಪನಿಗೆ ಕಳಿಸುವ ಬಿಲ್ಲಿನಲ್ಲಿ ನೌಕರರ ಹೆಸರು ಬೇಡ. ಏಜೆನ್ಸಿ ಕೊಟ್ಟ ಕೇಸ್ ನಂಬರ್ ಮತ್ತು ಸೆಷನ್ ತಾರೀಕು ಸಾಕು. ಇದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ. ವರ್ಷಕ್ಕೆ ₹50,000 ಮೀರಿದರೆ ಅವರು 10% ಟಿಡಿಎಸ್, ಅಂದರೆ ಮೊದಲೇ ಕಡಿತ ಮಾಡುವ ಆದಾಯ ತೆರಿಗೆ, ಹಿಡಿದು ಕೊಡುತ್ತಾರೆ. ಹಿಡಿದದ್ದು ನಿಮ್ಮ ಪ್ಯಾನಿಗೆ ಬಂದಿದೆಯಾ ಅಂತ ಮೂರು ತಿಂಗಳಿಗೊಮ್ಮೆ ಆದಾಯ ತೆರಿಗೆ ಪೋರ್ಟಲ್ಲಿನಲ್ಲಿ ನೋಡಿ.

ಜಿಎಸ್‌ಟಿ ಬಗ್ಗೆ ಚಿಕ್ಕದಾಗಿ: ಕಾಯಿಲೆಗೆ ಕೊಡುವ ಚಿಕಿತ್ಸೆಗೆ 2017ರ ಅಧಿಸೂಚನೆಯಲ್ಲಿ ವಿನಾಯಿತಿ ಇದೆ. ಕಂಪನಿಯಲ್ಲಿ ಹೋಗಿ ಮಾಡುವ ಒತ್ತಡ ನಿರ್ವಹಣೆ ತರಬೇತಿಯಾಗಲಿ ಭಾಷಣವಾಗಲಿ ಚಿಕಿತ್ಸೆ ಅಲ್ಲ. ಅದಕ್ಕೆ 18% ಬರುತ್ತದೆ. ವರ್ಷದ ವಹಿವಾಟು ₹20 ಲಕ್ಷ ದಾಟುವ ಹೊತ್ತಿಗೆ ಆಡಿಟರ ಹತ್ತಿರ ಕೂತು ಮಾತಾಡಿ. ಎರಡನ್ನೂ ಒಂದೇ ಬಿಲ್ಲಿನಲ್ಲಿ ಸೇರಿಸಬೇಡಿ.

ಹೊರದೇಶದ ಕನ್ನಡಿಗರೂ ಆನ್‌ಲೈನಿನಲ್ಲಿ ಬರುತ್ತಾರೆ. ಅತ್ತರೂ ಕನ್ನಡದಲ್ಲೇ ಅಳಬೇಕು ಅನ್ನಿಸುತ್ತದೆ ಅಂತ ಒಬ್ಬರು ಹೇಳಿದ್ದು ನೆನಪಿದೆ. ಅಮೆರಿಕದಲ್ಲಿರುವವರು ಕೆಲವರು ಅಲ್ಲಿನ ಇನ್ಶೂರೆನ್ಸ್‌ಗೆ ಬೇಕು, ಬಿಲ್ಲಿನಲ್ಲಿ 90837 ಅಂತ ಹಾಕಿ ಅನ್ನುತ್ತಾರೆ. ಅದು ಅಲ್ಲಿ ಒಂದು ಗಂಟೆಯ ಸೈಕೋಥೆರಪಿಗೆ ಬಳಸುವ ಕೋಡ್. ಅಲ್ಲಿನ ರಾಜ್ಯದ ಲೈಸೆನ್ಸ್ ಇಲ್ಲದ ನಾವು ಅದನ್ನು ಹಾಕಬಾರದು. ಸಾದಾ ರಸೀದಿ ಕೊಡಿ.

ಹೆಜ್ಜೆ 7: ಬರದೇ ಇದ್ದ ದಿನ, ಮುಂಗಡ, ಬಾಕಿ

ಆ ತಾಯಿಯ ಬಿಲ್ಲನ್ನು ಸಾಲು ಸಾಲಾಗಿ ಬರೆಯುವಾಗ ಒಂದು ವಿಷಯ ಗೊತ್ತಾಯಿತು. ಎಂಟರಲ್ಲಿ ಒಂದು ದಿನ ಮಗಳು ಬಂದೇ ಇರಲಿಲ್ಲ. ಮೊದಲೇ ತಿಳಿಸದ್ದಕ್ಕೆ ನಮ್ಮ ನಿಯಮದಂತೆ ಫೀಸು ತೆಗೆದುಕೊಂಡಿದ್ದೆವು. ನಡೆಯದ ಸೆಷನ್ನನ್ನು ಕ್ಲೇಮಿನ ಬಿಲ್ಲಿನಲ್ಲಿ ಹಾಕುವ ಹಾಗಿಲ್ಲ. ಹೊಸ ಬಿಲ್ಲು ಏಳು ಸೆಷನ್ನಿಗೆ, ₹8,400. ಏಳೂ ದಿನ ಡಿಸ್ಚಾರ್ಜ್ ಆದ 60 ದಿನದ ಒಳಗೇ ಇದ್ದವು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಥೆರಪಿ ಅಂತ ಬರೆದೂ ಇತ್ತು. ದುಡ್ಡು ಪೂರ್ತಿ ಬಂತು. ಉಳಿದ ₹1,200ನ್ನು ನಾವೇ ವಾಪಸ್ ಕೊಟ್ಟೆವು. ಯಾಕೆಂದರೆ ಆ ನಿಯಮವನ್ನು ಅವರಿಗೆ ಬರೆದುಕೊಟ್ಟೇ ಇರಲಿಲ್ಲ, ಬಾಯಲ್ಲಿ ಹೇಳಿದ್ದೆವು ಅಷ್ಟೇ. ಆಸ್ಪತ್ರೆಯಿಂದ ಬಂದ ವಾರದಲ್ಲಿ ಬಾಯಲ್ಲಿ ಹೇಳಿದ್ದು ಯಾರಿಗೆ ನೆನಪಿರುತ್ತದೆ?

ಈಗ ಮೊದಲ ದಿನವೇ ಒಂದು ಪುಟದ ಕನ್ನಡ ಕಾಗದ ಕೊಡುತ್ತೇವೆ. ಫೀಸು ಎಷ್ಟು, ಎಷ್ಟು ಗಂಟೆ ಮುಂಚೆ ತಿಳಿಸಿದರೆ ಫೀಸು ಇಲ್ಲ, ಬರದಿದ್ದರೆ ಎಷ್ಟು, ಮುಂಗಡ ಕಟ್ಟಿದ ಸೆಷನ್ ಬೇಡವಾದರೆ ಹೇಗೆ ವಾಪಸ್. ಸಹಿ ಹಾಕಿಸಿ ಒಂದು ಪ್ರತಿ ಅವರಿಗೆ. ಮುಂಗಡ ತೆಗೆದುಕೊಂಡರೆ ಮುಂಗಡದ ರಸೀದಿ ಬೇರೆ, ಸೆಷನ್ ಮುಗಿದ ಮೇಲಿನ ಬಿಲ್ಲು ಬೇರೆ. ಹತ್ತು ಸೆಷನ್ನಿನ ಪ್ಯಾಕೇಜ್ ಅಂತ ಮೊದಲೇ ಪೂರ್ತಿ ಬಿಲ್ಲು ಮಾಡಿದರೆ ಕ್ಲೇಮಿನವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಬಾಕಿ ಕೇಳುವ ಕೆಲಸ ಥೆರಪಿ ಕೊಡುವವರ ಮೇಲೆ ಬೀಳದಿರಲಿ. ಒಳಗೆ ಅತ್ತು ಹೊರಗೆ ಬಂದವರನ್ನು ಆ ಕ್ಷಣಕ್ಕೇ ದುಡ್ಡು ಕೇಳುವುದೂ ಬೇಡ. ನಾನು ಸೆಷನ್ ಶುರುವಾಗುವ ಮುಂಚೆ ಫೀಸು ತೆಗೆದುಕೊಳ್ಳುತ್ತೇನೆ. ಎರಡು ಸೆಷನ್ ಬಾಕಿ ಆದರೆ ಮಾರನೇ ದಿನ ಫೋನ್ ಮಾಡಿ ನೇರವಾಗಿ ಕೇಳುತ್ತೇನೆ: "ಅಮ್ಮಾ, ಎರಡು ವಾರದ್ದು ಬಾಕಿ ಇದೆ. ಈಗ ಕಷ್ಟ ಇದ್ರೆ ಹೇಳಿ, ಏನಾದ್ರೂ ಮಾಡೋಣ." ಎಂಟು ಸೆಷನ್ ಬಾಕಿ ಆಗುವವರೆಗೆ ಸುಮ್ಮನಿದ್ದರೆ ಅವರು ನಾಚಿಕೆಗೆ ಬರುವುದನ್ನೇ ನಿಲ್ಲಿಸುತ್ತಾರೆ. ಆಗ ನಿಲ್ಲುವುದು ದುಡ್ಡು ಮಾತ್ರ ಅಲ್ಲ, ಚಿಕಿತ್ಸೆ. ಫೀಸು ಕಡಿಮೆ ಮಾಡಿದರೆ ಕಡಿಮೆ ಮಾಡಿದ ದರವನ್ನೇ ಬಿಲ್ಲಿನಲ್ಲಿ ಬರೆಯಿರಿ. ₹1,200 ಅಂತ ಬರೆದು ₹500 ತೆಗೆದುಕೊಳ್ಳಬೇಡಿ.

ಅದನ್ನೂ ಕೊಡಲಾಗದವರಿಗೆ ಮುಂದಿನ ದಾರಿ ಹೇಳಿ ಕಳಿಸುವುದೂ ಈ ಟೇಬಲ್ಲಿನ ಕೆಲಸವೇ. ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ದುಡ್ಡಿಲ್ಲದೆ, ಯಾವ ಹೊತ್ತಿನಲ್ಲಾದರೂ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ನಡೆಯುತ್ತದೆ. ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ. ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದು, ಬಿಲ್ ಪುಸ್ತಕದ ಮೊದಲ ಪುಟದ ಒಳಗೆ ಅಂಟಿಸಿಟ್ಟುಕೊಂಡಿದ್ದೇನೆ.